ಒದೀಲ್ ಹಾಕಿದ ಗುರುತು

"ಬುದ್ಧಿ, ಹನ್ನೆರಡು ವರ್ಷ ನಿಮ್ಮ ಸೇವೆ ಮಾಡಿದವನು ನಾನು. ಹೊಳೆಯಾಚೆಯ ಮಠದ ಪಟ್ಟಕ್ಕೆ ನಿನ್ನೆ ಮೊನ್ನೆ ಬಂದವನನ್ನು ಆರಿಸಿದಿರಿ. ನನ್ನ ಮೇಲೆ ನಿಮಗೆ ಪ್ರೀತಿ ಇಲ್ಲವೆ?" ಎಂದು ಮಡಿವಾಳಯ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಫ್ರಾನ್ಸ್ ದೇಶದಲ್ಲಿ ಹೆಸರಾಂತ ದ್ರಾಕ್ಷಿ ತೋಟವೊಂದಿತ್ತು. ಅಲ್ಲಿ ಎರಡು ಬಗೆಯ ವೈನ್ ಮಾಡುತ್ತಿದ್ದರು. ಮೂವತ್ತು ವರ್ಷ ಇಟ್ಟರೂ ಕೆಡದೆ ಮಾಗುವಂಥದ್ದಕ್ಕೆ ತೋಟದ ಹೆಸರು. ಅಷ್ಟು ತಾಳದ್ದಕ್ಕೆ ಬೇರೆ ಹೆಸರು. ಅದನ್ನು ಮೊದಲನೆಯದು, ಇದನ್ನು ಎರಡನೆಯದು ಎನ್ನುತ್ತಿದ್ದರು. ಯಾವ ಪೀಪಾಯಿ ಯಾವುದಕ್ಕೆ ಎಂದು ರುಚಿ ನೋಡಿ ಹೇಳುವವಳು ಒದೀಲ್ ಎಂಬ ಹೆಂಗಸು. ಅವಳ ಮಾತೇ ಕೊನೆ.

ತೋಟದ ಇಳಿಜಾರಿನಲ್ಲಿ ಅವಳ ಗಂಡ ಹೊಸ ಬಳ್ಳಿ ನೆಟ್ಟಿದ್ದ. ಕಲ್ಲು ಒಡೆದು, ಮಣ್ಣು ಹೊತ್ತು ನೆಟ್ಟದ್ದು. ಫಲ ಕಾಣುವ ಮೊದಲೇ ತೀರಿಕೊಂಡ. "ಇದು ಮೊದಲನೆಯದಕ್ಕೇ ಸೇರಬೇಕು, ಒದೀಲ್" ಎಂದದ್ದು ಅವನ ಕೊನೆಯ ಮಾತು.

ಬಳ್ಳಿ ನೆಟ್ಟ ಹತ್ತನೆಯ ವರ್ಷ ಆ ಇಳಿಜಾರಿನ ವೈನ್ ಕೂಡ ಪರೀಕ್ಷೆಗೆ ಬಂತು. ಲೋಟಗಳ ಮೇಲೆ ಬರೀ ಅಂಕಿ ಇತ್ತು. ಏಳನೆಯ ಲೋಟ ತುಟಿಗೆ ತಾಗುತ್ತಲೇ ಅದು ಗಂಡ ನೆಟ್ಟ ಬಳ್ಳಿಯದೆಂದು ಅವಳಿಗೆ ಗೊತ್ತಾಯಿತು. ರುಚಿ ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ತಾಳುವಂಥದ್ದಲ್ಲ.

ತಾನು ತಪ್ಪಿರಬಹುದೆಂದು ಮತ್ತೊಂದು ಗುಟುಕು ಕುಡಿದಳು. ತಪ್ಪಿರಲಿಲ್ಲ. ಸುತ್ತ ನಿಂತವರು ಅವಳ ಮುಖವನ್ನೇ ನೋಡುತ್ತಿದ್ದರು.

ತೋಟದ ಒಡೆಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮೊದಲನೆಯದಕ್ಕೇ ಸೇರಿಸಿಬಿಡಮ್ಮ. ನೂರು ಪೀಪಾಯಿಯಲ್ಲಿ ಒಂದು. ಯಾರ ನಾಲಿಗೆಗೂ ತಿಳಿಯದು."

"ನನಗೆ ತಿಳಿದುಹೋಯಿತಲ್ಲ, ಒಡೆಯರೆ" ಎಂದಳು ಒದೀಲ್.

ಸೀಮೆಸುಣ್ಣ ಎತ್ತಿಕೊಂಡಳು. ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಪೀಪಾಯಿಯ ಮೇಲೆ ಎರಡು ಎಂದು ಬರೆದು, ಯಾರನ್ನೂ ನೋಡದೆ ಹೊರಗೆ ಹೋದಳು.

ಆ ವರ್ಷದ ಮೊದಲನೆಯದು ಗಾಡಿ ಗಾಡಿಯಾಗಿ ದೂರದ ಅರಮನೆಗಳಿಗೆ ಹೋಯಿತು. ಆ ಒಂದು ಪೀಪಾಯಿಯನ್ನು ಮಾತ್ರ ಒದೀಲ್ ತಾನೇ ಕೊಂಡು ಮನೆಗೆ ತಂದಳು. ಅದು ಮುಗಿಯುವ ತನಕ ಅವಳ ಊಟದ ಮೇಜಿನ ಮೇಲೆ ಬೇರೆ ವೈನ್ ಕಾಣಲಿಲ್ಲ.

ಮಡಿವಾಳಯ್ಯನ ಕಣ್ಣು ತುಂಬಿತು. "ಹಾಗಾದರೆ ನಾನು ಎರಡನೆಯವನೇ ಅಲ್ಲವೆ, ಬುದ್ಧಿ?"

ಗುರುಗಳು ಹೇಳಿದರು: "ಅವನನ್ನು ಹೊಳೆಯಾಚೆ ಕಳಿಸಿಬಿಟ್ಟೆ, ನಿನ್ನನ್ನು ಯಾರ ಹತ್ತಿರ ಉಳಿಸಿಕೊಂಡೆ, ಮಗು?"