ಬಳೆಗಾರ್ತಿ ಅಂಗೈ ಊರಿದಳು

"ಗುರುಗಳೇ, ಗೆದ್ದವನು ಸೋಲುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಮಠದ ಸಭೆಯಲ್ಲಿ ಅವನ ವಾದವಿತ್ತು. ಎದುರಾಳಿ ಉತ್ತರ ತೋಚದೆ ಸುಮ್ಮನಾಗಿದ್ದ. ಸಭೆ ತಲೆದೂಗಿತ್ತು. ಆಮೇಲೆ ಎದುರಾಳಿ ಒಂದೇ ಒಂದು ಮಾತಾಡಿದ. ಶಿಷ್ಯ ಸೋತು ಕುಳಿತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಂಕಟ ಅವನನ್ನು ಬೆಳಗಿನಿಂದ ಕಿತ್ತು ತಿನ್ನುತ್ತಿತ್ತು.

ಗುರುಗಳು ಹೇಳತೊಡಗಿದರು:

ಒಂದು ಎಲೆಯಾಟದ ಕತೆ ಹೇಳುತ್ತೇನೆ. ಮೂಗು ಮುರಿಯಬೇಡ. ನಿನ್ನ ತರ್ಕಶಾಸ್ತ್ರಕ್ಕಿಂತ ಅದರ ನಿಯಮ ಸುಲಭ.

ಒಂದು ಪೇಟೆಯಿತ್ತು. ಅಲ್ಲಿಯವರಿಗೆ ಬಣ್ಣ ಬಳಿದ ಎಲೆಗಳ ಆಟವೆಂದರೆ ಪ್ರಾಣ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಟ್ಟು. ಎಲೆ ಕೊಟ್ಟು ಎಲೆ ಪಡೆದು ಆ ಕಟ್ಟನ್ನು ಬೆಳೆಸುತ್ತಿದ್ದರು. ಸಂಜೆಯಾದರೆ ಬೀದಿಯ ಜಗಲಿಗಳಲ್ಲೆಲ್ಲ ಚಾಪೆ ಹಾಸಿರುತ್ತಿತ್ತು.

ಆಟ ಹೀಗೆ. ಇಬ್ಬರೂ ಚಾಪೆಯ ಮೇಲೆ ಒಬ್ಬೊಬ್ಬ ವೀರನ ಎಲೆ ಇಡಬೇಕು. ಆಮೇಲೆ ಕಾಳಗದ ಎಲೆಗಳು, ತಲಾ ಮೂರು. ಒಬ್ಬರಾದ ಮೇಲೆ ಒಬ್ಬರು, ಒಂದೊಂದಾಗಿ ಹಾಕುತ್ತ ತಮ್ಮ ವೀರನ ಬಲ ಹೆಚ್ಚಿಸಬೇಕು. ತನ್ನ ಸರದಿಯಲ್ಲಿ ಎಲೆ ಹಾಕಲು ಇಷ್ಟವಿಲ್ಲದವನು ಅಂಗೈಯನ್ನು ಚಾಪೆಯ ಮೇಲೆ ಊರಬೇಕು. ಎದುರಿನವನೂ ಊರಿದರೆ ಕಾಳಗ ಮುಗಿಯಿತು. ಬಲ ಹೆಚ್ಚಿದ್ದವನು ಗೆದ್ದ. ಎದುರಿನವನು ಊರದೆ ಇನ್ನೊಂದು ಎಲೆ ಹಾಕಿದನೋ, ಕಾಳಗ ಮತ್ತೆ ತೆರೆಯಿತು. ಮೊದಲು ಊರಿದವನಿಗೆ ಸರದಿ ಮರಳಿ ಬಂತು. ಈ ನಿಯಮ ಆ ಪೇಟೆಯ ಮಕ್ಕಳಿಗೂ ಬಾಯಿಪಾಠ. ಬಾಯಿಪಾಠವಾದದ್ದನ್ನು ಯಾರೂ ಯೋಚಿಸುವುದಿಲ್ಲ, ಅದು ಬೇರೆ ಮಾತು.

ಅಲ್ಲಿ ಒಬ್ಬ ಸಾಹುಕಾರನಿದ್ದ. ಅವನು ಹೊಸದೊಂದು ಪಣ ಹೂಡಿದ. ತಾನು ಗೆದ್ದರೆ ಸೋತವರ ಇಡೀ ಕಟ್ಟು ತನ್ನದು. ತಾನು ಸೋತರೆ ಅದುವರೆಗೆ ಗೆದ್ದ ಕಟ್ಟುಗಳೆಲ್ಲ ತನ್ನನ್ನು ಸೋಲಿಸಿದವರದು. ಬೀದಿಯವರು ಆಸೆಗೆ ಬಿದ್ದರು. ಕಮ್ಮಾರ ಸೋತ, ಗಾಣಿಗ ಸೋತ, ಊರ ಪುರೋಹಿತನೂ ಸೋತ. ಜಗಲಿಗಳು ಬರಿದಾದವು. ಸಂಜೆ ಜನ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವಂತಾಯಿತು. ಆಡುವವರೇ ಇಲ್ಲದ ಮೇಲೆ ಅಷ್ಟೊಂದು ಎಲೆ ಇಟ್ಟುಕೊಂಡು ಅವನೇನು ಊಟ ಬಡಿಸುತ್ತಾನೆಯೇ ಎಂದು ಕೇಳಬೇಡ. ದುರಾಸೆಗೆ ಆ ಪ್ರಶ್ನೆ ಹೊಳೆಯುವುದಿಲ್ಲ.

ಕೊನೆಗೆ ಪೇಟೆಯಲ್ಲಿ ಒಂದೇ ಕಟ್ಟು ಉಳಿಯಿತು, ಒಬ್ಬ ಬಳೆಗಾರ್ತಿಯದು. ಅದೂ ಹೋದರೆ ಆ ಪೇಟೆಯಲ್ಲಿ ಆಟವೇ ಇಲ್ಲ. ಎಲ್ಲರೂ ಅದನ್ನು ಬಚ್ಚಿಡು ಎಂದರು. ಅವಳು ನೇರ ಹೋಗಿ ಸಾಹುಕಾರನಿಗೇ ಸವಾಲು ಹಾಕಿದಳು.

ಪೇಟೆಗೆ ಪೇಟೆಯೇ ಸೇರಿತು. ಸವಾಲು ಹಾಕಿದವರದು ಮೊದಲ ಸರದಿ. ಬಳೆಗಾರ್ತಿ ಗುರಾಣಿಯ ಎಲೆ ಹಾಕಿದಳು. ಸಾಹುಕಾರ ಭರ್ಜಿ ಹಾಕಿದ. ಅವಳು ಕವಚ ಹಾಕಿದಳು. ಅವನು ಕುದುರೆ ಹಾಕಿದ. ಈಗ ಅವನ ಬಲ ಹೆಚ್ಚು. ಇಬ್ಬರ ಕೈಯಲ್ಲೂ ಉಳಿದದ್ದು ಒಂದೊಂದೇ ಎಲೆ.

ಅವಳ ಕೈಯಲ್ಲಿದ್ದದ್ದು ಮರುಗಾಳಿ. ಎದುರಾಳಿ ಆಗಷ್ಟೇ ಹಾಕಿದ ಎಲೆಯ ಬಲವನ್ನು ಕಿತ್ತು ತನ್ನ ವೀರನಿಗೆ ಕೊಡುವ ಎಲೆ ಅದು. ಅದನ್ನು ಕುದುರೆಯ ಮೇಲೆ ಬೀಸಬಹುದಿತ್ತು. ಆಗ ಅವಳೇ ಮುಂದಾಗುತ್ತಿದ್ದಳು, ಜನ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಆದರೆ ಸಾಹುಕಾರ ಹೊಸದಾಗಿ ಒಂದು ಆನೆಯ ಎಲೆ ಬರೆಸಿದ್ದ. ಅಂಬಾರಿಗೆ ಬಂಗಾರದ ಬಣ್ಣ. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿದ್ದ. ಹೆಂಡತಿಗೆ ಬಳೆ ತೊಡಿಸಲು ಬಂದ ಇವಳಿಗೂ ತೋರಿಸಿದ್ದ. ಕುದುರೆ ಹೋದರೆ ಆನೆ ಬರುತ್ತದೆ, ಆನೆಗೆ ಉತ್ತರವಿರುವುದಿಲ್ಲ. ಇದು ಅವಳಿಗೆ ಗೊತ್ತಿತ್ತು.

ಅವಳು ಮರುಗಾಳಿಯನ್ನು ಮಡಿಲಲ್ಲಿಟ್ಟು ಅಂಗೈ ಊರಿದಳು. ಸಾಹುಕಾರ ತಾನೂ ಊರಿದ್ದರೆ ಅಲ್ಲಿಗೇ ಅವನು ಗೆದ್ದಿದ್ದ, ಪೇಟೆಯ ಆಟ ಮುಗಿದಿತ್ತು.

"ಆಟ ಈಗ ನಿಮ್ಮ ಕೈಯಲ್ಲಿದೆ, ಸಾಹುಕಾರ್ರೇ" ಎಂದಳು.

ಸಾಹುಕಾರ ಸುತ್ತ ನೋಡಿದ. ಇಷ್ಟು ಜನ ಮತ್ತೆಂದು ಸೇರುತ್ತಾರೆ?

"ಇಷ್ಟಕ್ಕೇ ಕೈ ಊರಿದ್ರೆ ಹೇಗಮ್ಮಾ? ಬಂದಿರೋರು ನಮ್ಮ ಆನೆ ನೋಡದೆ ಹೋಗೋದಾ?" ಎಂದು ನಕ್ಕು ಆನೆಯನ್ನು ಚಾಪೆಗೆ ಬಡಿದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡುಹಗಲಲ್ಲೇ ಹಿಡಿದ.

ಕಾಳಗ ತೆರೆಯಿತು. ಸರದಿ ಬಳೆಗಾರ್ತಿಗೆ ಮರಳಿತು. ಅವಳು ನಿಧಾನವಾಗಿ ಮರುಗಾಳಿಯನ್ನು ಆನೆಯ ಪಕ್ಕದಲ್ಲಿಟ್ಟಳು. ಆನೆ ತನ್ನ ಬಲವನ್ನೆಲ್ಲ ಹೊತ್ತುಕೊಂಡು ಅವಳ ಕಡೆಗೆ ನಡೆದುಬಂತು. ಸಾಹುಕಾರ ಕೈ ನೋಡಿಕೊಂಡ; ಬರಿಗೈ. ಬೇರೆ ದಾರಿಯಿಲ್ಲದೆ ಅಂಗೈ ಊರಿದ. ಅವಳೂ ಊರಿದಳು.

ಪೇಟೆ ಹೋ ಎಂದಿತು! ಕಮ್ಮಾರ ಗಾಣಿಗನನ್ನು ಎತ್ತಿ ಕುಣಿದ. ಪುರೋಹಿತ ಮಡಿಯನ್ನೂ ಮರೆತು ಸಿಕ್ಕವರನ್ನೆಲ್ಲ ತಬ್ಬಿಕೊಂಡ. ಬಳೆಗಾರ್ತಿ ಗೆದ್ದ ಕಟ್ಟುಗಳನ್ನು ಅವರವರಿಗೆ ಕೊಟ್ಟಳು. ಅಂದು ಸಂಜೆ ಒಂದು ಜಗಲಿಯೂ ಖಾಲಿ ಇರಲಿಲ್ಲ. ಎಲ್ಲೆಲ್ಲೂ ಎಲೆ ಬೀಳುವ ಸದ್ದು, ಎಲ್ಲೆಲ್ಲೂ ನಗು. ಸಾಹುಕಾರನನ್ನೂ ಅವಳೇ ಕರೆದು ಚಾಪೆಗೆ ಕೂರಿಸಿದಳೆಂದು ಹೇಳುತ್ತಾರೆ.

ಅಷ್ಟು ಧೈರ್ಯ ಹೇಗೆ ಬಂತೆಂದು ಕಮ್ಮಾರ ಕೇಳಿದ.

"ಬಿಗಿಹಿಡಿದ ಕೈಗೆ ಬಳೆ ಏರಿಸಿದ್ರೆ ಒಡೀತದಣ್ಣ. ಮಾತಾಡಿಸ್ತಾ ಕಾಯಬೇಕು. ಕೈ ತಾನಾಗೇ ಸಡಿಲ ಆಗ್ತದೆ" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ಬಳೆಗಾರ್ತಿ ತಾನೇ ಎಂಬಷ್ಟು ಖುಷಿ ಅವನಿಗೆ. "ಎಂಥ ದಡ್ಡ ಆ ಸಾಹುಕಾರ! ಗೆದ್ದಾಗಿತ್ತಲ್ಲ, ಸುಮ್ಮನೆ ಅಂಗೈ ಊರಬಾರದಿತ್ತೇ?" ಎಂದ.

ಗುರುಗಳು ಕೇಳಿದರು: "ನಿನ್ನೆ ಎದುರಾಳಿ ಸುಮ್ಮನಾದ ಮೇಲೆ ನೀನು ಎಷ್ಟು ಹೊತ್ತು ಮಾತಾಡಿದೆ?"