ಬಾಯ್ಲರ್ ಕೊಟ್ಟ ಉತ್ತರ

ಅಕ್ಕಿ ಗಿರಣಿಯ ಸಾಹುಕಾರರು ತಮ್ಮ ಅಳಿಯನನ್ನು ಮೇಸ್ತ್ರಿ ಮಾಡಿದ ತಿಂಗಳೊಳಗೆ ನಾಲ್ಕು ಜನ ಕೆಲಸ ಬಿಟ್ಟರು. ಸಾಹುಕಾರರು ಬಾಯ್ಲರ್ ನೋಡಿಕೊಳ್ಳುವ ಹುಸೇನಪ್ಪನ ಮೇಲೆ ಎಗರಿದರು.

"ಯಾಕೆ ಬಿಟ್ಟರು? ಈಗಲೇ ಹೇಳು. ಇಲ್ಲಾಂದ್ರೆ ನೀನೂ ನಡಿ!"

"ಇಲ್ಲೇ ನಿಂತು ಹೇಳ್ತೀನಿ, ಸಾಹುಕಾರ್ರೇ. ಅಲ್ಲೀತನಕ ಬಾಯ್ಲರನ್ನ ನಿಮ್ಮ ಅಳಿಯ ದೇವರು ನೋಡಿಕೊಳ್ಳಲಿ."

ಅಳಿಯ ಬಂದು ಒಲೆಗೆ ಭತ್ತದ ಹೊಟ್ಟು ಸುರಿದ, ಸುರಿದೇ ಸುರಿದ. ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟಿತು. ಹುಸೇನಪ್ಪ ಕೈಕಟ್ಟಿ ನೋಡುತ್ತಾ ನಿಂತ. ಉಗಿ ಕಿರ್ರನೆ ಸಿಳ್ಳೆ ಹಾಕಿತು.

ಸಾಹುಕಾರರು ಗೇಟಿನ ತನಕ ಓಡಿದರು. ಅವರಿಗಿಂತ ಮುಂದೆ ಅಳಿಯ.

ಹುಸೇನಪ್ಪ ಉಗಿ ಇಳಿಸಿ, ಕೈ ಒರೆಸಿಕೊಳ್ಳುತ್ತಾ ಬಂದ.

"ಯಾಕೆ ಓಡಿದ್ರಿ, ಸಾಹುಕಾರ್ರೇ?"

"ಜೀವ ಉಳಿಸ್ಕೋಬೇಡ್ವೇನೋ?"

"ಅವರೂ ಅದಕ್ಕೇ ಓಡಿದ್ದು. ನೀವು ಗೇಟಿನ ತನಕ ಓಡಿದ್ರಿ, ಅವರು ಪಕ್ಕದೂರಿನ ಗಿರಣಿ ತನಕ ಓಡಿದ್ರು. ಅಷ್ಟೇ."