ಹುಚ್ಚಿನ ನೆಪ ಹೇಳಿದ ಕಾವಲುನಾಯಿ

ಹಟ್ಟಿಯ ಕಾವಲುನಾಯಿಯು, ಕೆಂಚಿ ಎಂಬ ತಾಯಿಕುರಿಯ ಮರಿಯನ್ನು ಕೊಂದು ತಿಂದಿತು. ಮಂದೆಯೆಲ್ಲ ನೆರೆದು ಮುದಿ ಟಗರನ್ನು ನ್ಯಾಯಕ್ಕೆ ಕೂರಿಸಿತು.

ನಾಯಿ ತಲೆ ತಗ್ಗಿಸಿ ಹೇಳಿತು: "ಹಿರಿಯರೇ, ಆಗ ನನಗೆ ಹುಚ್ಚು ಹಿಡಿದಿತ್ತು. ಏನು ಮಾಡಿದೆನೋ ನನಗೇ ತಿಳಿಯದು."

"ಬುದ್ಧಿ ಕೆಟ್ಟು, ಮಾಡುತ್ತಿರುವುದು ತಪ್ಪೆಂದು ತಿಳಿಯದವನನ್ನು ನಾವು ದಂಡಿಸುವುದಿಲ್ಲ" ಎಂದಿತು ಟಗರು. "ಆದರೆ ಆ ಗಳಿಗೆಯಲ್ಲಿ ನಿನಗೆ ತಿಳಿವು ಇರಲಿಲ್ಲವೆಂದು ನೀನೇ ತೋರಿಸಿಕೊಡಬೇಕು."

ನಾಯಿ ಬಾಯಲ್ಲಿ ನೊರೆ ತಂದುಕೊಂಡು ನೆಲದಲ್ಲಿ ಹೊರಳಿತು. ಕೆಲವು ಕುರಿಗಳು ಅಯ್ಯೋ ಪಾಪ ಎಂದವು. ಕೆಂಚಿಯ ಮೈಯೆಲ್ಲ ಉರಿದುಹೋಯಿತು.

"ಕುರುಬ ಕೋಲು ಹಿಡಿದು ಎದುರಿಗಿದ್ದಾಗ ಹಿಡಿಯದ ಹುಚ್ಚು, ಅವನು ನೀರಿಗೆ ಹೋದೊಡನೆ ಹಿಡಿಯಿತೇ? ನನ್ನ ಮರಿಯ ಎಲುಬನ್ನು ಬೇಲಿಯಾಚೆ ಹೂತು, ಹಳ್ಳದಲ್ಲಿ ಮೂತಿ ತೊಳೆದುಕೊಂಡು ಬಂದೆಯಲ್ಲ, ನಾನೇ ಕಂಡೆ. ಅದೂ ಹುಚ್ಚೇ?"

ನಾಯಿ ಹೊರಳುವುದನ್ನು ನಿಲ್ಲಿಸಿತು. ಕೆಂಚಿ ಅಷ್ಟಕ್ಕೇ ಬಿಡಲಿಲ್ಲ:

"ನಿನ್ನ ಅಣ್ಣ ಕರಿಯನಿಗೆ ನಿಜವಾಗಿಯೂ ಹುಚ್ಚು ಹಿಡಿದಿತ್ತು. ಅವನು ಕೋಲಿಗೂ ಹೆದರದೆ, ಅನ್ನ ಹಾಕಿದ ಕುರುಬನ ಕೈಯನ್ನೇ ಕಚ್ಚಿದ. ನನ್ನ ಚೊಚ್ಚಲ ಮರಿಯೂ ಅವನ ಬಾಯಿಗೇ ಹೋಯಿತು. ಆದರೂ ನಾನು ಅವನನ್ನು ಶಪಿಸಲಿಲ್ಲ. ಅವನನ್ನು ಕಟ್ಟಿಹಾಕಿ, ಕಟ್ಟಿದಲ್ಲೇ ಅವನು ಸತ್ತಾಗ ನಾನು ಅತ್ತೆ. ಆ ಸತ್ತವನ ಹುಚ್ಚನ್ನು ಕದ್ದು ಹೊದ್ದುಕೊಳ್ಳುತ್ತೀಯಾ, ನಾಚಿಕೆಗೆಟ್ಟವನೇ!"

"ಎಲುಬು ಹೂತವನಿಗೆ ತಪ್ಪು ಯಾವುದೆಂದು ತಿಳಿದಿತ್ತು" ಎಂದು ಟಗರು ಕೊಂಬು ತಗ್ಗಿಸಿತು. ಹಟ್ಟಿಯ ಟಗರುಗಳೆಲ್ಲ ಸೇರಿ ನಾಯಿಯನ್ನು ತೋಳಗಳ ಗುಡ್ಡದ ಕಡೆಗೆ ಅಟ್ಟಿದವು.

ಕೆಂಚಿಯ ಕೋಪ ಮಾತ್ರ ಇಳಿಯಲಿಲ್ಲ. ಹಾಲು ಕಟ್ಟಿ ನೋಯುವ ಕೆಚ್ಚಲು ಹೊತ್ತು, ಆ ದಿನವಿಡೀ ಅದು ಹುಲ್ಲಿಗೆ ಬಾಯಿ ಹಾಕಲಿಲ್ಲ.